ಹೊಗೆಯಿಲ್ಲದ ಗಾಡಿಯ ಲೆಕ್ಕಾಚಾರ

ಕಳೆದ ವರ್ಷ ಪ್ರಥಮ ಪದವಿಪೂರ್ವ ತರಗತಿಯಲ್ಲಿ ಉಷ್ಣಯಂತ್ರಗಳ ಪಾಠವನ್ನು ಮುಗಿಸಿದೆ. ಎಷ್ಟೇ ಜಾಣತನದಿಂದ ರಚಿಸಿದ ಯಂತ್ರವಾದರೂ ತಾನು ಪಡೆದ ಶಾಖವನ್ನೆಲ್ಲ ಕೆಲಸವಾಗಿ ಮಾರ್ಪಡಿಸಲಾರದೆಂಬ ನಿಯಮವನ್ನು ಕರಿಹಲಗೆಯ ಮೇಲೆ ಬರೆದು ತಿರುಗಿದಾಗ, ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತಿದ್ದನು. "ಸಾರ್, ನಮ್ಮಪ್ಪ ಆಟೋ ಓಡಿಸ್ತಾರೆ. ಗಾಡಿ ಹಳೇದಾಯ್ತು. ಕರೆಂಟಿನ ಆಟೋ ತಗೊಳ್ಳೋದೋ, ಗ್ಯಾಸಿನದ್ದೇ ತಗೊಳ್ಳೋದೋ ಅಂತ ಕೇಳ್ತಿದ್ದಾರೆ. ಯಾವುದು ಒಳ್ಳೇದು ಸಾರ್?" ಎಂದು ಕೇಳಿದನು. ತರಗತಿ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಸಾಲ ಮಾಡಿ ಗಾಡಿಯನ್ನು ಕೊಳ್ಳುವವನಿಗೆ ಇದು ಪರೀಕ್ಷೆಯ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ. ಕೂಡಲೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಲೆಕ್ಕ ಹಾಕಿ ಹೇಳುತ್ತೇನೆಂದು ಹುಡುಗನನ್ನು ಕೂರಿಸಿದೆನು. ಆ ಲೆಕ್ಕವೇ ಈ ಲೇಖನ.

ಈ ವಿಷಯವಾಗಿ ಇಂದು ಎರಡು ಬಗೆಯ ಮಾತುಗಳು ಕೇಳಿಬರುತ್ತಿವೆ. ವಿದ್ಯುತ್ ಕಾರು ಬಂದರೆ ಭೂಮಿಯ ಕಷ್ಟವೆಲ್ಲ ಕಳೆದುಹೋಗುವುದೆಂದು ಕೆಲವರು ಸಾರುವರು. ಕಾರಿನ ಹೊಗೆ ಕಲ್ಲಿದ್ದಲಿನ ಸ್ಥಾವರದ ಚಿಮಣಿಗೆ ವರ್ಗವಾಯಿತೇ ಹೊರತು ಬೇರೇನೂ ಆಗಲಿಲ್ಲವೆಂದು ಇನ್ನು ಕೆಲವರು ಮೂಗು ಮುರಿಯುವರು. ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ. ಆದರೆ ವಿಜ್ಞಾನದ ವಿದ್ಯಾರ್ಥಿಗೆ ಅರ್ಧ ಸತ್ಯ ಸಾಲದು. ಎಷ್ಟು, ಯಾವಾಗ, ಯಾರಿಗೆ ಎಂಬ ಮೂರು ಪ್ರಶ್ನೆಗಳನ್ನು ಅವನು ಕೇಳಲೇಬೇಕು.

ಮೊದಲು ಸ್ವಲ್ಪ ಚರಿತ್ರೆಯನ್ನು ನೋಡೋಣ. ವಿದ್ಯುತ್ ಕಾರು ಹೊಸದೆಂಬ ಭಾವನೆ ಸರಿಯಲ್ಲ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಮರಳಿ ಮರಳಿ ವಿದ್ಯುತ್ತನ್ನು ತುಂಬಬಹುದಾದ ಸೀಸ-ಆಮ್ಲದ ಬ್ಯಾಟರಿಯನ್ನು 1859ರಲ್ಲಿಯೇ ಕಂಡುಹಿಡಿದನು. ಭೂಮಿಯ ಮೇಲೆ ಗಂಟೆಗೆ 100 ಕಿಲೊಮೀಟರು ವೇಗವನ್ನು ಮೊಟ್ಟಮೊದಲು ದಾಟಿದ ಕಾರು ಪೆಟ್ರೋಲಿನದಲ್ಲ. 1899ರಲ್ಲಿ ಬೆಲ್ಜಿಯಮ್ಮಿನ ಕಾಮಿಲ್ ಜೆನಾಟ್ಸಿ ಪ್ಯಾರಿಸ್ಸಿನ ಬಳಿ ಓಡಿಸಿದ ವಿದ್ಯುತ್ ಕಾರು. ಅಮೆರಿಕದಲ್ಲಿ 1900ರಲ್ಲಿ ತಯಾರಾದ ಸುಮಾರು 4,200 ಕಾರುಗಳಲ್ಲಿ ಪೆಟ್ರೋಲಿನವು ಕಾಲುಭಾಗಕ್ಕಿಂತಲೂ ಕಡಮೆ. ಉಳಿದವು ಹಬೆಯವು, ವಿದ್ಯುತ್ತಿನವು. ಮುಂದೆ ಹೆನ್ರಿ ಫೋರ್ಡನು 1908ರಲ್ಲಿ ಅಗ್ಗದ ಕಾರನ್ನು ಮಾರುಕಟ್ಟೆಗೆ ತಂದನು. ಸುಮಾರು 1912ರ ವೇಳೆಗೆ ಕೈಯಿಂದ ಹ್ಯಾಂಡಲು ತಿರುಗಿಸಿ ಯಂತ್ರವನ್ನು ಎಬ್ಬಿಸುವ ಕಷ್ಟವನ್ನು ವಿದ್ಯುತ್ ಚಾಲಕ ತಪ್ಪಿಸಿತು. ಎಣ್ಣೆ ಎಲ್ಲೆಲ್ಲಿಯೂ ದೊರೆಯಿತು. ವಿದ್ಯುತ್ ಕಾರು ಮೂಲೆ ಸೇರಿತು. ಅದನ್ನು ಸೋಲಿಸಿದ ಪೆಟ್ರೋಲು ಕಾರಿಗೆ ಒಂದು ಪುಟ್ಟ ವಿದ್ಯುತ್ ಮೋಟಾರು ಸಹಾಯ ಮಾಡಿತೆಂಬುದು ವಿಚಿತ್ರವಲ್ಲವೆ?

ಎಣ್ಣೆ ಸಿಕ್ಕದಿದ್ದಾಗ ಜನ ಬೇರೆ ಇಂಧನಗಳನ್ನು ಹುಡುಕಿದ್ದೂ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದು, ನಮ್ಮ ನಾಡಿನ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದುವು. ಬಸ್ಸಿಗೆ ಕಟ್ಟಿದ ದೊಡ್ಡ ಒಲೆಯಲ್ಲಿ ಇದ್ದಿಲನ್ನು ಉರಿಸಿ, ಗಾಳಿಯೊತ್ತುವ ಹ್ಯಾಂಡಲನ್ನು ತಿರುಗಿಸಿ, ಅನಿಲ ಹುಟ್ಟಿದ ಮೇಲೆ ಬಸ್ಸು ಹೊರಡುತ್ತಿದ್ದುದನ್ನೂ, ದಿಣ್ಣೆ ಬಂದರೆ ಪ್ರಯಾಣಿಕರೆಲ್ಲ ಇಳಿದು ನಡೆಯುತ್ತಿದ್ದುದನ್ನೂ ನನ್ನ ಅಜ್ಜನವರು ಬಣ್ಣಿಸುತ್ತಿದ್ದರು. ಗಾಡಿಯನ್ನು ಯಾವುದರಿಂದ ಬೇಕಾದರೂ ಓಡಿಸಬಹುದು. ಓಡಿಸಿದ್ದಕ್ಕೆ ತೆರಬೇಕಾದ ಬೆಲೆ ಬೇರೆ ಬೇರೆ. ಪಾಠ ಇಷ್ಟೆ.

ಇನ್ನು ಭೌತವಿಜ್ಞಾನಕ್ಕೆ ಬರೋಣ. ಒಂದು ಲೀಟರು ಪೆಟ್ರೋಲನ್ನು ಉರಿಸಿದರೆ ಸುಮಾರು 9 ಯೂನಿಟ್ಟುಗಳಷ್ಟು ಶಾಖ ಹೊರಬೀಳುತ್ತದೆ. ನಮ್ಮ ಮನೆಯ ಮೀಟರು ಎಣಿಸುವ ಕಿಲೊವ್ಯಾಟ್-ಗಂಟೆಯೇ ಈ ಯೂನಿಟ್ಟು. ಲೀಟರಿಗೆ 15 ಕಿಲೊಮೀಟರು ಓಡುವ ಸಾಧಾರಣ ಕಾರು 100 ಕಿಲೊಮೀಟರಿಗೆ ಸುಮಾರು 60 ಯೂನಿಟ್ಟು ಶಾಖವನ್ನು ನುಂಗುವುದು. ಇದರಲ್ಲಿ ಚಕ್ರವನ್ನು ತಲಪುವುದು ಐದರಲ್ಲೊಂದು ಪಾಲು ಮಾತ್ರ. ಮಿಕ್ಕದ್ದು ರೇಡಿಯೇಟರಿನಲ್ಲಿ, ಹೊಗೆಕೊಳವೆಯಲ್ಲಿ, ಯಂತ್ರದ ತಿಕ್ಕಾಟದಲ್ಲಿ ಬಿಸಿಯಾಗಿ ಹಾರಿಹೋಗುವುದು. ವಿದ್ಯುತ್ ಮೋಟಾರು ಉಷ್ಣಯಂತ್ರವಲ್ಲ. ಆದುದರಿಂದ ಕಾರ್ನೊ ಎಂಬ ಫ್ರೆಂಚ್ ವಿಜ್ಞಾನಿ ಹಾಕಿದ ಮಿತಿ ಅದಕ್ಕೆ ಅನ್ವಯಿಸುವುದಿಲ್ಲ. ಬ್ಯಾಟರಿಯಿಂದ ಹೊರಟ ಶಕ್ತಿಯ ನೂರರಲ್ಲಿ ಎಂಬತ್ತಕ್ಕೂ ಮಿಕ್ಕ ಪಾಲು ಚಕ್ರಕ್ಕೆ ಮುಟ್ಟುತ್ತದೆ. ಆದುದರಿಂದಲೇ ಚಿಕ್ಕ ವಿದ್ಯುತ್ ಕಾರೊಂದಕ್ಕೆ 100 ಕಿಲೊಮೀಟರಿಗೆ ಗೋಡೆಯ ಪ್ಲಗ್ಗಿನಿಂದ 15 ಯೂನಿಟ್ಟು ಸಾಕು.

ಇದಕ್ಕೆ ನಮ್ಮ ಬೆಂಗಳೂರಿನದೇ ಉದಾಹರಣೆಯುಂಟು. ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನಲ್ಲಿ ಹೊರಬಂದು, ಮುಂದೆ ಜಿ-ವಿಜ್ ಎಂಬ ಹೆಸರಿನಿಂದ ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. ಅದರ ಎಂಟು ಸೀಸದ ಬ್ಯಾಟರಿಗಳು ಒಟ್ಟಾಗಿ ಹಿಡಿದಿಡುತ್ತಿದ್ದ ಶಕ್ತಿ ಸುಮಾರು 10 ಯೂನಿಟ್ಟು. ಒಂದು ಲೀಟರು ಪೆಟ್ರೋಲಿನ ಶಾಖಕ್ಕಿಂತ ತುಸುವೇ ಹೆಚ್ಚು! ಆ ಒಂದು ಲೀಟರಿನಷ್ಟು ಶಕ್ತಿಯಿಂದ ಅದು ಸುಮಾರು 80 ಕಿಲೊಮೀಟರು ಸಾಗುತ್ತಿತ್ತು. ದಕ್ಷತೆ ಎಂಬ ಮಾತಿನ ಅರ್ಥ ಇದರಿಂದ ಸ್ಪಷ್ಟವಾಗುವುದು. ಆದರೆ ಅದೇ ಕಾರು ಇನ್ನೊಂದು ಪಾಠವನ್ನೂ ಹೇಳುತ್ತದೆ: ಅಷ್ಟೊಂದು ಸೀಸವನ್ನು ಹೊತ್ತರೂ ಅದು ಒಂದು ಲೀಟರಿನಷ್ಟು ಶಕ್ತಿಯನ್ನೇ ಹೊರಬಲ್ಲುದಾಗಿತ್ತು.

ವಿದ್ಯುತ್ ಗಾಡಿಯ ಇನ್ನೊಂದು ಗುಣ ಘಟ್ಟಗಳಲ್ಲಿ ಕಾಣಬರುವುದು. ಆಗುಂಬೆಯ ಘಟ್ಟದಲ್ಲಿ 1,500 ಕಿಲೊಗ್ರಾಂ ತೂಕದ ಕಾರು 500 ಮೀಟರು ಕೆಳಗಿಳಿಯಿತೆನ್ನಿ. ತೂಕ, ಗುರುತ್ವ, ಎತ್ತರ ಈ ಮೂರನ್ನು ಗುಣಿಸಿ ನೋಡಿದರೆ ಸುಮಾರು 2 ಯೂನಿಟ್ಟು ಶಕ್ತಿ ಬಿಡುಗಡೆಯಾಗುವುದು. ಪೆಟ್ರೋಲು ಕಾರು ಅದನ್ನು ಬ್ರೇಕಿನ ಕಾವಾಗಿ ಗಾಳಿಗೆ ತೂರುವುದು. ವಿದ್ಯುತ್ ಕಾರಿನಲ್ಲಿ ಮೋಟಾರೇ ಹಿಂದುಮುಂದಾಗಿ ಡೈನಮೊ ಆಗಿ ಅದರ ಅರ್ಧಕ್ಕೂ ಹೆಚ್ಚಿನ ಪಾಲನ್ನು ಬ್ಯಾಟರಿಗೆ ಮರಳಿಸುವುದು. ಗಳಿಗೆಗೊಮ್ಮೆ ನಿಂತು ಹೊರಡುವ ನಗರದ ಓಡಾಟದಲ್ಲಿಯೂ ಇದೇ ಲಾಭ. ಹೊಗೆಯಿಲ್ಲ, ಗದ್ದಲವಿಲ್ಲ, ಎಣ್ಣೆ ಬದಲಾಯಿಸುವ ಕೆಲಸವಿಲ್ಲ. ಇವೆಲ್ಲ ನಿಜವಾದ ಲಾಭಗಳೇ. ಇವನ್ನು ಅಲ್ಲಗಳೆಯುವುದು ಹಟವಾದೀತು.

ಈಗ ನಷ್ಟದ ಪುಟವನ್ನು ತೆರೆಯೋಣ. ಮೊದಲನೆಯದು ತೂಕ. ಒಂದು ಕಿಲೊಗ್ರಾಂ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ಟು ಶಾಖ ಅಡಗಿದೆ. ಇಂದಿನ ಲಿಥಿಯಮ್ ಬ್ಯಾಟರಿಯನ್ನು ಅದರ ಪೆಟ್ಟಿಗೆ ಸಮೇತ ತೂಗಿದರೆ ಕಿಲೊಗ್ರಾಮಿಗೆ ದೊರೆಯುವುದು ಸುಮಾರು 0.15 ಯೂನಿಟ್ಟು. ಅಂತರ ಎಂಬತ್ತು ಪಟ್ಟು. ಮೋಟಾರಿನ ದಕ್ಷತೆ ನಾಲ್ಕು ಪಟ್ಟು ಹೆಚ್ಚೆಂದು ತೆಗೆದುಕೊಂಡರೂ ಇಪ್ಪತ್ತು ಪಟ್ಟಿನ ಅಂತರ ಉಳಿಯುವುದು. ಲಿಥಿಯಮ್ ಬ್ಯಾಟರಿ ಸಾಮಾನ್ಯವಾದ ಸಾಧನೆಯಲ್ಲ. 1991ರಲ್ಲಿ ಮಾರುಕಟ್ಟೆಗೆ ಬಂದ ಅದರ ಹಿಂದಿನ ಸಂಶೋಧನೆಗಾಗಿ ಗುಡಿನಫ್, ವಿಟ್ಟಿಂಗ್‌ಹ್ಯಾಮ್, ಯೊಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು. ಹಾಗಿದ್ದರೂ ಎಣ್ಣೆಯ ಸಾಂದ್ರತೆ ಅದಕ್ಕೆ ಬಂದಿಲ್ಲ.

ಎರಡನೆಯದು ಸಮಯ. ಪೆಟ್ರೋಲು ಬಂಕಿನ ಕೊಳವೆ ನಿಮಿಷಕ್ಕೆ 30 ಲೀಟರು ಸುರಿಯಿತೆಂದರೆ, ಶಾಖದ ಲೆಕ್ಕದಲ್ಲಿ ಅದು 16,000 ಕಿಲೊವ್ಯಾಟಿನ ಪ್ರವಾಹ! ನಮ್ಮ ಮನೆಯ 15 ಆಂಪಿಯರಿನ ಪ್ಲಗ್ಗು ಕೊಡಬಲ್ಲುದು ಸುಮಾರು 3.4 ಕಿಲೊವ್ಯಾಟು. 40 ಯೂನಿಟ್ಟಿನ ಬ್ಯಾಟರಿ ತುಂಬಲು ಅದಕ್ಕೆ ಇಡೀ ರಾತ್ರಿ ಬೇಕು. ಶೀಘ್ರವಾಗಿ ತುಂಬುವ 50 ಕಿಲೊವ್ಯಾಟಿನ ಕೇಂದ್ರದಲ್ಲಿಯೂ ಮುಕ್ಕಾಲು ಗಂಟೆಯಷ್ಟು ಕಾಯಬೇಕು. ಸ್ವಂತ ಮನೆ, ಸ್ವಂತ ಮೀಟರು, ಗಾಡಿ ನಿಲ್ಲಿಸಲು ಜಾಗವಿದ್ದವರಿಗೆ ಇದು ತೊಂದರೆಯೇ ಅಲ್ಲ. ಇಲ್ಲದವರಿಗೆ ಇದೇ ದೊಡ್ಡ ತೊಂದರೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ವಿದ್ಯುತ್ತು ಎಲ್ಲಿಂದ ಬಂತು? ವಿದ್ಯುತ್ತು ಇಂಧನವಲ್ಲ, ಶಕ್ತಿಯನ್ನು ಹೊತ್ತು ತರುವ ಹಮಾಲಿ. ಭಾರತದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಈಗಲೂ ಕಲ್ಲಿದ್ದಲಿನಿಂದ ಬರುತ್ತದೆ. ಎಲ್ಲ ಮೂಲಗಳ ಸರಾಸರಿ ತೆಗೆದರೆ, ಒಂದು ಯೂನಿಟ್ಟು ತಯಾರಾಗುವಲ್ಲಿ ಸುಮಾರು 0.7 ಕಿಲೊಗ್ರಾಂ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುವುದು. ಕಾರಿಗೆ ಗೋಡೆಯಲ್ಲಿ 15 ಯೂನಿಟ್ಟು ಬೇಕಾದರೆ, ತಂತಿಗಳಲ್ಲಿ ಆಗುವ ನಷ್ಟವನ್ನೂ ಸೇರಿಸಿ ಸ್ಥಾವರದಲ್ಲಿ ಸುಮಾರು 18 ಯೂನಿಟ್ಟು ತಯಾರಾಗಬೇಕು. ಅಂದರೆ 100 ಕಿಲೊಮೀಟರಿಗೆ ಸುಮಾರು 13 ಕಿಲೊಗ್ರಾಂ. ಪೆಟ್ರೋಲು ಕಾರಿನ ಪಾಲೇನು? ಲೀಟರೊಂದಕ್ಕೆ 2.3 ಕಿಲೊಗ್ರಾಮಿನಂತೆ 6.7 ಲೀಟರಿಗೆ 15 ಕಿಲೊಗ್ರಾಂ. ಎಣ್ಣೆಯನ್ನು ತೆಗೆದು ಶುದ್ಧಮಾಡಿ ಸಾಗಿಸಿದ ಖರ್ಚಿಗೆ ಐದರಲ್ಲೊಂದು ಪಾಲು ಕೂಡಿಸಿದರೆ 18. ಉಳಿತಾಯ 5 ಕಿಲೊಗ್ರಾಂ. ಹೊಗೆ ವರ್ಗವಾಯಿತು ಎಂಬುವರ ಮಾತು ಪೂರ್ತಿ ಸರಿಯಲ್ಲ. ಭೂಮಿಯ ಕಷ್ಟ ಕಳೆಯಿತು ಎಂಬುವರ ಮಾತಂತೂ ಇನ್ನೂ ದೂರ.

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಬ್ಯಾಟರಿಯನ್ನು ತಯಾರಿಸುವಾಗಲೂ ಇಂಗಾಲ ಹೊರಬೀಳುವುದು. ಯೂನಿಟ್ಟಿನ ಸಾಮರ್ಥ್ಯಕ್ಕೆ 80 ಕಿಲೊಗ್ರಾಮಿನಂತೆ ಹಿಡಿದರೆ 40 ಯೂನಿಟ್ಟಿನ ಬ್ಯಾಟರಿಗೆ 3,200 ಕಿಲೊಗ್ರಾಮಾಯಿತು. ನೂರು ಕಿಲೊಮೀಟರಿಗೆ 5 ಕಿಲೊಗ್ರಾಮಿನಂತೆ ಈ ಸಾಲ ತೀರಬೇಕಾದರೆ ಕಾರು 64,000 ಕಿಲೊಮೀಟರು ಓಡಬೇಕು. ವರ್ಷಕ್ಕೆ ಹತ್ತು ಸಾವಿರ ಓಡುವ ಮನೆಯ ಕಾರಿಗೆ ಆರು ವರ್ಷಗಳು ಕಳೆದ ಮೇಲೆ ಲಾಭ ಶುರುವಾಗುವುದು. ಬಿಸಿಲಿನಿಂದ ಪಡೆದ ವಿದ್ಯುತ್ತನ್ನೇ ತುಂಬಿದರೆ ಕಾರಿನ ಓಡಾಟದ ಹೊರೆ ಒಂದು ಕಿಲೊಗ್ರಾಮಿಗೆ ಇಳಿದು, ಆ ಸಾಲ 20,000 ಕಿಲೊಮೀಟರಿನೊಳಗೇ ತೀರುವುದು. ಕಾರು ಅದೇ, ರಸ್ತೆ ಅದೇ; ಪ್ಲಗ್ಗಿನ ಹಿಂದೆ ಏನಿದೆ ಎಂಬುದರ ಮೇಲೆ ಉತ್ತರ ಮೂರು ಪಟ್ಟು ಬದಲಾಗುವುದು. ನಮ್ಮ ರಾಜ್ಯದಲ್ಲಿ ನೀರು, ಗಾಳಿ, ಬಿಸಿಲುಗಳ ಪಾಲು ದೇಶದ ಸರಾಸರಿಗಿಂತ ಹೆಚ್ಚೆಂಬುದು ಸಮಾಧಾನದ ವಿಷಯ.

ನಾಲ್ಕನೆಯದು ಖನಿಜಗಳು. ಅನೇಕ ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟಿನ ಬಹುಪಾಲು ಆಫ್ರಿಕದ ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿಯ ಸಣ್ಣ ಗಣಿಗಳಲ್ಲಿ ಮಕ್ಕಳೂ ದುಡಿಯುವರೆಂಬುದು ಲೋಕಕ್ಕೆ ತಿಳಿದ ನೋವಿನ ಸಂಗತಿ. ಕಬ್ಬಿಣ ಮತ್ತು ಫಾಸ್ಫೇಟುಗಳ ಬ್ಯಾಟರಿಗೆ ಕೋಬಾಲ್ಟು ಬೇಕಿಲ್ಲ. ಲಿಥಿಯಮ್ ಮಾತ್ರ ಬೇಕೇ ಬೇಕು. ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಬಳಿ ಸುಮಾರು 1,600 ಟನ್ನು ಲಿಥಿಯಮ್ ಇರಬಹುದೆಂಬ ಅಂದಾಜು ಪ್ರಕಟವಾದಾಗ ನಮ್ಮಲ್ಲಿ ಬಹಳ ಸಂತೋಷವಾಯಿತು. ಕಾರಿಗೆ 5 ಕಿಲೊಗ್ರಾಮಿನಂತೆ ಭಾಗಿಸಿ ನೋಡಿ: 3,20,000 ಕಾರುಗಳಿಗೆ ಸಾಕು. ಭಾರತದಲ್ಲಿ ವರ್ಷಕ್ಕೆ ಮಾರಾಟವಾಗುವ ಕಾರುಗಳು ನಲವತ್ತು ಲಕ್ಷಕ್ಕೂ ಹೆಚ್ಚು. ಎಂದರೆ ಅಷ್ಟನ್ನೂ ಅಗೆದು ತೆಗೆದರೂ ಒಂದು ತಿಂಗಳ ಬೇಡಿಕೆಗೂ ಅದು ಸಾಲದು. ಹಳೆಯ ಬ್ಯಾಟರಿಗಳನ್ನು ಮರಳಿ ಕರಗಿಸಿ ಲೋಹವನ್ನು ಉಳಿಸಿಕೊಳ್ಳದೆ ಗತ್ಯಂತರವಿಲ್ಲ. ಇದಕ್ಕಾಗಿ 2022ರಲ್ಲಿ ನಿಯಮಗಳು ಬಂದಿವೆ. ಅವು ಕಾಗದದಿಂದ ಗುಜರಿ ಅಂಗಡಿಯವರೆಗೆ ಇಳಿದುಬರಬೇಕಾಗಿದೆ. ಅದೇ 2022ರಲ್ಲಿ ಕೆಲವು ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದುದನ್ನೂ, ಆ ಬಳಿಕ ಬ್ಯಾಟರಿಯ ಪರೀಕ್ಷೆಗಳನ್ನು ಬಿಗಿಮಾಡಿದುದನ್ನೂ ನೆನೆಯಬೇಕು.

ಹಾಗಾದರೆ ಬೇರೆ ಇಂಧನಗಳ ಗತಿಯೇನು? ಮೊದಲು ನೈಸರ್ಗಿಕ ಅನಿಲ. ಸರ್ವೋಚ್ಚ ನ್ಯಾಯಾಲಯದ 1998ರ ಆಜ್ಞೆಯ ಮೇರೆಗೆ ದೆಹಲಿಯ ಬಸ್ಸುಗಳೆಲ್ಲ 2002ರ ಕೊನೆಯ ವೇಳೆಗೆ ಡೀಸೆಲನ್ನು ಬಿಟ್ಟು ಒತ್ತಡದ ಅನಿಲಕ್ಕೆ ಬದಲಾದುವು. ಕರಿಹೊಗೆ ಕಡಮೆಯಾಯಿತು. ಆದರೆ ಇದೂ ನೆಲದಡಿಯ ಇಂಧನವೇ. ಉರಿಯದೆ ಸೋರಿದ ಮೀಥೇನು ಇಂಗಾಲದ ಡೈಆಕ್ಸೈಡಿಗಿಂತ ಹೆಚ್ಚು ಪ್ರಬಲವಾಗಿ ಭೂಮಿಯನ್ನು ಕಾಯಿಸುವುದು. ಇದು ದಾರಿಯ ಮಧ್ಯದ ಛತ್ರ, ಊರಲ್ಲ.

ಇನ್ನು ಮದ್ಯಸಾರ, ಅಂದರೆ ಎಥನಾಲು. ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲನ್ನು ಬೆರೆಸುವ ಗುರಿಯನ್ನು ಭಾರತ 2025ರಲ್ಲಿ ಮುಟ್ಟಿತು. ಇದರಿಂದ ವಿದೇಶದ ಎಣ್ಣೆಗೆ ತೆರುವ ಹಣ ಉಳಿಯುವುದು, ಕಬ್ಬು ಬೆಳೆಯುವವರಿಗೆ ಇನ್ನೊಬ್ಬ ಗಿರಾಕಿ ಸಿಕ್ಕುವನು. ಆದರೆ ಲೀಟರಿಗೆ ಲೀಟರು ಹೋಲಿಸಿದರೆ ಎಥನಾಲಿನ ಶಾಖ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಆದಕಾರಣ ಮಿಶ್ರಣದ ಲೀಟರಿನಲ್ಲಿ ನೂರಕ್ಕೆ ಆರೇಳು ಪಾಲು ಶಾಖ ಕಡಮೆಯಾಗುವುದು. ಅದಕ್ಕೆಂದೇ ರಚಿಸಿದ ಯಂತ್ರ ಈ ಕೊರತೆಯನ್ನು ಸ್ವಲ್ಪ ತುಂಬಿಕೊಳ್ಳಬಹುದು. ಹಳೆಯ ಯಂತ್ರ ತುಂಬಿಕೊಳ್ಳಲಾರದು.

ಎಥನಾಲನ್ನು ಬಿಸಿಲಿನ ಬೆಳೆಯೆಂದೇ ಭಾವಿಸಿ ಒಂದು ಎಕರೆಯ ಲೆಕ್ಕ ಹಾಕೋಣ. ಎಕರೆಗೆ 40 ಟನ್ನು ಕಬ್ಬು, ಟನ್ನಿಗೆ 70 ಲೀಟರು ಎಥನಾಲು. ವರ್ಷಕ್ಕೆ 2,800 ಲೀಟರಾಯಿತು. ಲೀಟರಿಗೆ 10 ಕಿಲೊಮೀಟರಿನಂತೆ ಒಂದು ಕಾರು 28,000 ಕಿಲೊಮೀಟರು ಓಡೀತು. ಈಗ ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗೋಣ. ಅಲ್ಲಿ ಸುಮಾರು 13,000 ಎಕರೆ ಒಣಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟಿನ ಸೌರ ಉದ್ಯಾನವನ್ನು ಕಟ್ಟಿರುವರು. ಆ ಲೆಕ್ಕದಲ್ಲಿ ಎಕರೆಗೆ ವರ್ಷಕ್ಕೆ ಸುಮಾರು 2,40,000 ಯೂನಿಟ್ಟು. ನೂರು ಕಿಲೊಮೀಟರಿಗೆ 18 ಯೂನಿಟ್ಟಿನಂತೆ 13 ಲಕ್ಷ ಕಿಲೊಮೀಟರು! ನಲವತ್ತು ಪಟ್ಟಿಗೂ ಹೆಚ್ಚು. ಅದೂ ಕಬ್ಬು ಬೇಡುವಷ್ಟು ನೀರಿಲ್ಲದೆ. ಹಸಿರೆಲೆ ಬಿಸಿಲನ್ನು ಶಕ್ತಿಯಾಗಿ ಹಿಡಿಯುವಲ್ಲಿ ನೂರಕ್ಕೆ ಒಂದರ ಆಸುಪಾಸಿನಲ್ಲಿದ್ದರೆ, ಸೌರಫಲಕ ಇಪ್ಪತ್ತರ ಹತ್ತಿರವಿದೆ. ಕಬ್ಬಿನ ಪರವಾಗಿ ಒಂದು ಮಾತು ಹೇಳಲೇಬೇಕು: ಎಥನಾಲನ್ನು ಪೀಪಾಯಿಯಲ್ಲಿ ತುಂಬಿ ತಿಂಗಳುಗಟ್ಟಲೆ ಇಡಬಹುದು, ಬಿಸಿಲನ್ನು ಇಡಲಾಗದು. ಆದರೂ ಗದ್ದೆಯ ನೀರನ್ನೂ, ಉಣ್ಣುವ ಜೋಳ ಅಕ್ಕಿಗಳನ್ನೂ ಕಾರಿನ ತೊಟ್ಟಿಗೆ ಸುರಿಯುವುದು ದೂರದ ದಾರಿಯೆಂದು ನಾನು ಒಪ್ಪಲಾರೆ. ಬೆಲ್ಲಕ್ಕೆ ಬಾರದ ಕಾಕಂಬಿ, ಹೊಲದಲ್ಲಿ ಸುಟ್ಟುಹಾಕುವ ತರಗು ಇವುಗಳಿಂದ ತೆಗೆದ ಎಥನಾಲಿಗೆ ಈ ಆಕ್ಷೇಪಣೆ ತಟ್ಟದು.

ಜಲಜನಕದ ಹೆಸರು ಕೇಳಿದರೆ ವಿದ್ಯಾರ್ಥಿಗಳ ಕಣ್ಣು ಅರಳುವುದು. ಉರಿದರೆ ನೀರು, ಹೊಗೆಯೇ ಇಲ್ಲ. ತೂಕಕ್ಕೆ ತೂಕ ಅದು ಪೆಟ್ರೋಲಿನ ಸುಮಾರು ಮೂರು ಪಟ್ಟು ಶಾಖ ಕೊಡುವುದು. ಆದರೆ ಜಲಜನಕದ ಗಣಿ ಇಲ್ಲ, ಅದನ್ನು ತಯಾರಿಸಬೇಕು. ಲೋಕದ ಜಲಜನಕದಲ್ಲಿ ಬಹುಪಾಲು ಇಂದಿಗೂ ನೈಸರ್ಗಿಕ ಅನಿಲ, ಕಲ್ಲಿದ್ದಲುಗಳಿಂದಲೇ ಬರುವುದು. ನೀರನ್ನು ವಿದ್ಯುತ್ತಿನಿಂದ ಒಡೆದು ಪಡೆಯೋಣವೆಂದರೆ ಕಿಲೊಗ್ರಾಮಿಗೆ 50 ಯೂನಿಟ್ಟಿಗಿಂತ ಹೆಚ್ಚು ಬೇಕು. ಅದನ್ನು ವಾಯುಮಂಡಲದ 700 ಪಟ್ಟು ಒತ್ತಡಕ್ಕೆ ಅಮುಕಿ ತೊಟ್ಟಿಗೆ ತುಂಬಿ, ಇಂಧನಕೋಶದಲ್ಲಿ ಮರಳಿ ವಿದ್ಯುತ್ತಾಗಿಸಿ ಮೋಟಾರನ್ನು ಓಡಿಸುವ ಹೊತ್ತಿಗೆ, ಹೊರಟ ನೂರು ಯೂನಿಟ್ಟುಗಳಲ್ಲಿ ಚಕ್ರಕ್ಕೆ ಮುಟ್ಟುವುದು ಮೂವತ್ತರ ಸುಮಾರು. ಬ್ಯಾಟರಿಯ ದಾರಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮುಟ್ಟುವುದು. ಮನೆಯ ಕಾರಿಗೆ ಜಲಜನಕ ನನ್ನ ದೃಷ್ಟಿಯಲ್ಲಿ ದುಂದುವೆಚ್ಚ. ಉಕ್ಕಿನ ಕುಲುಮೆ, ಗೊಬ್ಬರದ ಕಾರ್ಖಾನೆ, ಬ್ಯಾಟರಿಯ ಭಾರವನ್ನು ಹೊರಲಾರದ ದೊಡ್ಡ ಸಾಗಾಟ ಇವಕ್ಕೆ ಅದನ್ನು ಮೀಸಲಿಡುವುದು ಲೇಸು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ನನಗೆ ತೋರಿದ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. "ಎಣ್ಣೆಯೆ, ವಿದ್ಯುತ್ತೆ?" ಎಂಬುದು ಎರಡನೆಯ ಪ್ರಶ್ನೆ. "ಎಷ್ಟು ತೂಕದ ಗಾಡಿ, ಎಷ್ಟು ಜನರನ್ನು ಹೊತ್ತಿದೆ?" ಎಂಬುದು ಮೊದಲನೆಯ ಪ್ರಶ್ನೆ. ಒಬ್ಬರೇ ಕುಳಿತು ಹೋಗುವ ವಿದ್ಯುತ್ ಕಾರಿನ ಹೊರೆ 100 ಕಿಲೊಮೀಟರಿಗೆ 13 ಕಿಲೊಗ್ರಾಂ ಇಂಗಾಲದ ಡೈಆಕ್ಸೈಡೆಂದು ಆಗಲೇ ನೋಡಿದೆವು. ಲೀಟರಿಗೆ ನಾಲ್ಕು ಕಿಲೊಮೀಟರು ಓಡುವ ಹಳೆಯ ಡೀಸೆಲ್ ಬಸ್ಸು ಅದೇ ದೂರಕ್ಕೆ 25 ಲೀಟರು ಕುಡಿದು, ಎಲ್ಲ ಸೇರಿ ಸುಮಾರು 80 ಕಿಲೊಗ್ರಾಂ ಹೊರಹಾಕುವುದು. ಆದರೆ ಅದರಲ್ಲಿ ನಲವತ್ತು ಜನ ಇರುವರು. ತಲೆಗೆ ಎರಡೇ ಕಿಲೊಗ್ರಾಂ! ಹೊಗೆಯುಗುಳುವ ಆ ಬಸ್ಸಿನ ಪಕ್ಕದಲ್ಲಿ ಒಬ್ಬಂಟಿಯಾಗಿ ಹೊಸ ವಿದ್ಯುತ್ ಕಾರಿನಲ್ಲಿ ಕುಳಿತವನು ತಾನೇ ಪರಿಶುದ್ಧನೆಂದು ತಿಳಿದರೆ ಅಂಕಗಣಿತ ಒಪ್ಪುವುದಿಲ್ಲ.

ಬಸ್ಸನ್ನೇ ವಿದ್ಯುತ್ತಿಗೆ ಬದಲಾಯಿಸಿದರೆ? ಬೆಂಗಳೂರಿನಲ್ಲಿ ಈಗಾಗಲೇ ಅಂಥ ಬಸ್ಸುಗಳು ಸಾವಿರಕ್ಕೂ ಹೆಚ್ಚು ಓಡುತ್ತಿವೆ. ಇಂದಿನ ಕಲ್ಲಿದ್ದಲಿನ ಪ್ರಮಾಣದಲ್ಲಿ ಇಂಗಾಲದ ಲೆಕ್ಕ ಹೆಚ್ಚುಕಡಮೆ ಸರಿಸಮವಾಗುವುದೆಂಬುದನ್ನು ಮರೆಮಾಚಬಾರದು. ಆದರೆ ನಿಲ್ದಾಣದಲ್ಲಿ ನಿಂತ ಮಗುವಿನ ಪುಪ್ಪುಸಕ್ಕೆ ಡೀಸೆಲಿನ ಮಸಿ ಹೋಗುವುದು ಇಂದೇ ತಪ್ಪುವುದು; ಬಿಸಿಲಿನ ಪಾಲು ಏರಿದಂತೆಲ್ಲ ಆ ಬಸ್ಸು ಇನ್ನಷ್ಟು ಶುದ್ಧವಾಗುವುದು. ಡೀಸೆಲ್ ಯಂತ್ರಕ್ಕೆ ಆ ಭಾಗ್ಯವಿಲ್ಲ.

ಇನ್ನು ಚಿಕ್ಕ ಗಾಡಿಗಳು. ವಿದ್ಯುತ್ ಸ್ಕೂಟರಿಗೆ 100 ಕಿಲೊಮೀಟರಿಗೆ ಸುಮಾರು 3 ಯೂನಿಟ್ಟು ಸಾಕು. ಲೀಟರಿಗೆ 45 ಕಿಲೊಮೀಟರು ಓಡುವ ಪೆಟ್ರೋಲು ಸ್ಕೂಟರಿಗೆ ಹೋಲಿಸಿದರೆ ಇಂದಿನ ವಿದ್ಯುತ್ತಿನಿಂದಲೇ ಮೂರೂವರೆ ಕಿಲೊಗ್ರಾಂ ಉಳಿಯುವುದು. ಅದರ 3 ಯೂನಿಟ್ಟಿನ ಬ್ಯಾಟರಿಯ ಸಾಲ ಏಳು ಸಾವಿರ ಕಿಲೊಮೀಟರಿನಲ್ಲಿ ತೀರುವುದು. ಒಂದು ಕಾರಿನ ಬ್ಯಾಟರಿಗೆ ಬೇಕಾದ ಲಿಥಿಯಮ್ಮಿನಿಂದ ಹದಿಮೂರು ಸ್ಕೂಟರುಗಳಿಗೆ ಬ್ಯಾಟರಿ ಕಟ್ಟಬಹುದು. ಆ ಹದಿಮೂರು ಸ್ಕೂಟರುಗಳು ತಲಾ ನೂರು ಕಿಲೊಮೀಟರು ಓಡಿ ಉಳಿಸುವುದು ಸುಮಾರು 45 ಕಿಲೊಗ್ರಾಂ. ಕಾರು ಉಳಿಸುವುದು 5. ಅಪರೂಪದ ಲೋಹವನ್ನು ಎಲ್ಲಿ ವ್ಯಯಿಸಬೇಕೆಂಬುದನ್ನು ಬೇರೆ ಹೇಳಬೇಕೆ? ನಮ್ಮ ದೇಶದಲ್ಲಿ ಮೊದಲ ಸರದಿ ಬಸ್ಸಿನದು, ಆಟೋದ್ದು, ಸ್ಕೂಟರಿನದು. ಎರಡು ಟನ್ನು ತೂಗುವ ಭಾರಿ ವಿದ್ಯುತ್ ಕಾರುಗಳ ಸರದಿ ಕಡೆಯದು. ಸರ್ಕಾರದ ರಿಯಾಯಿತಿ, ಸಹಾಯಧನಗಳೂ ಇದೇ ಸರದಿಯಲ್ಲಿ ಹರಿಯಬೇಕೆಂಬುದು ನನ್ನ ನಿಲುವು.

ಈ ನಿಲುವಿಗೆ ಆಕ್ಷೇಪಣೆ ಇಲ್ಲದಿಲ್ಲ. ಸಿರಿವಂತರು ಮೊದಲು ದುಬಾರಿ ಕಾರನ್ನು ಕೊಂಡುದರಿಂದಲೇ ಬ್ಯಾಟರಿಯ ಬೆಲೆ ಇಳಿಯಿತಲ್ಲವೆ ಎಂದು ಮಿತ್ರರೊಬ್ಬರು ಕೇಳಿದರು. ಅದು ನಿಜ. ಹೊಸ ವಸ್ತುವಿನ ಮೊದಲ ಬೆಲೆಯನ್ನು ಹಣವಂತರು ತೆತ್ತರೆ ಉಪಕಾರವೇ. ಆದರೆ ಆ ಬೆಲೆಯನ್ನು ಅವರೇ ತೆರಲಿ. ಎಲ್ಲರ ತೆರಿಗೆಯಿಂದ ತೆರಿಸುವುದು ಬೇಡ. ಸಾರ್ವಜನಿಕ ಹಣದಿಂದ ಕಟ್ಟಬೇಕಾದದ್ದು ಬೇರೆಯದೇ ಇದೆ.

ಅದು ಯಾವುದೆಂಬುದನ್ನು ನನಗೆ ಕಲಿಸಿದವನು ಆ ಹುಡುಗನೇ. ತಂದೆಯ ಆಟೋ ದಿನಕ್ಕೆಷ್ಟು ಓಡುವುದೆಂದು ಒಂದು ವಾರ ಬರೆದುಕೊಂಡು ಬಾ ಎಂದು ಅವನಿಗೆ ಹೇಳಿದ್ದೆನು. ನೋಟುಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಬರೆದು ತಂದನು: ಕಡಮೆಯೆಂದರೆ 80, ಹೆಚ್ಚೆಂದರೆ 110 ಕಿಲೊಮೀಟರು. ಇಂದಿನ ವಿದ್ಯುತ್ ಆಟೋಗಳಿಗೆ ಇದು ಎಟುಕುವ ದೂರ. ನೂರು ಕಿಲೊಮೀಟರಿಗೆ ಗ್ಯಾಸಾದರೆ ನಾಲ್ಕೈದು ಲೀಟರು, ವಿದ್ಯುತ್ತಾದರೆ ಏಳು ಯೂನಿಟ್ಟು. ಅವನ ಮನೆಯ ಬಿಲ್ಲಿನ ದರವನ್ನೇ ಹಿಡಿದು ಗುಣಿಸಿದೆವು. ದಿನದ ಇಂಧನದ ಖರ್ಚು ಕಾಲುಭಾಗಕ್ಕೆ ಇಳಿಯಿತು. ಸಾಲದ ಕಂತನ್ನೂ, ಕೆಲವು ವರ್ಷಗಳ ಮೇಲೆ ಬದಲಾಯಿಸಬೇಕಾದ ಬ್ಯಾಟರಿಯ ಬೆಲೆಯನ್ನೂ ಕಳೆದರೂ ಲೆಕ್ಕ ಗೆದ್ದಿತು. ಹುಡುಗನ ಮುಖ ಬೆಳಗಿತು.

ಹದಿನೈದು ದಿನ ಕಳೆದು ಕೇಳಿದಾಗ, ತಂದೆ ಗ್ಯಾಸಿನ ಆಟೋವನ್ನೇ ಕೊಂಡರೆಂದು ಹೇಳಿದನು. ಅವರದು ಮಹಡಿಯ ಮೇಲಿನ ಬಾಡಿಗೆ ಮನೆ. ಗಾಡಿ ಬೀದಿಯಲ್ಲಿ ನಿಲ್ಲುವುದು. ಮೀಟರು ಮನೆಯ ಯಜಮಾನರ ಹೆಸರಿನಲ್ಲಿ. ಕೆಳಗೆ ಪ್ಲಗ್ಗು ಹಾಕಿಸಲು ಅವರು ಒಪ್ಪಲಿಲ್ಲ. ನನ್ನ ಭೌತವಿಜ್ಞಾನವೆಲ್ಲ ಸರಿಯಾಗಿತ್ತು. ಒಂದು ಪ್ಲಗ್ಗು ಮಾತ್ರ ಇರಲಿಲ್ಲ.

ನಮ್ಮ ರಾಜ್ಯದಲ್ಲಿ ಬಿಸಿಲಿನ ವಿದ್ಯುತ್ತು ಸಮೃದ್ಧವಾಗಿ ಹರಿಯುವುದು ನಡುಹಗಲಿನಲ್ಲಿ. ಗಾಡಿಗಳಿಗೆ ವಿದ್ಯುತ್ತನ್ನು ತುಂಬುವುದು ಸಾಮಾನ್ಯವಾಗಿ ರಾತ್ರಿ. ಆಗ ಉರಿಯುವುದು ಕಲ್ಲಿದ್ದಲು. ಆಟೋದವರು ಊಟಕ್ಕೆ ನಿಲ್ಲುವುದು ನಡುಹಗಲಿನಲ್ಲಿಯೇ. ಪ್ರತಿಯೊಂದು ಆಟೋ ನಿಲ್ದಾಣದಲ್ಲಿ, ಮಾರುಕಟ್ಟೆಯಲ್ಲಿ, ಕಾಲೇಜಿನ ಅಂಗಳದಲ್ಲಿ ನೆರಳಿಗೊಂದು ತಗಡಿನ ಚಪ್ಪರ, ಅದರ ಮೇಲೆ ಫಲಕ, ಕೆಳಗೆ ನಾಲ್ಕು ಪ್ಲಗ್ಗು, ಒಂದು ಮೀಟರು ಇದ್ದರೆ ಎರಡು ಸಮಸ್ಯೆಗಳು ಒಂದರಿಂದೊಂದು ಬಗೆಹರಿಯುವುವು. ಇದಕ್ಕೆ ಹೊಸ ಸಂಶೋಧನೆ ಏನೂ ಬೇಕಿಲ್ಲ. ನಗರಸಭೆಯ ಸಂಕಲ್ಪವೂ ಒಬ್ಬ ತಂತಿ ಜೋಡಿಸುವವನೂ ಇದ್ದರೆ ಸಾಕು. ಸಾರ್ವಜನಿಕ ಹಣ ಹೋಗಬೇಕಾದದ್ದು ಇಲ್ಲಿಗೆ.

ವಿದ್ಯಾರ್ಥಿ ಮಿತ್ರರು ಈ ಲೇಖನದ ಅಂಕೆಗಳನ್ನು ನಂಬಿ ಕುಳಿತುಕೊಳ್ಳಬಾರದೆಂದು ನನ್ನ ಕೋರಿಕೆ. ನಿಮ್ಮ ಮನೆಯ ಗಾಡಿ ವಾರಕ್ಕೆಷ್ಟು ಓಡುವುದು, ಎಷ್ಟು ಜನರನ್ನು ಹೊರುವುದು, ಎಷ್ಟು ಎಣ್ಣೆ ಕುಡಿಯುವುದು ಎಂಬುದನ್ನು ಬರೆದಿಡಿರಿ. ಮೇಲಿನ ರೀತಿಯಲ್ಲಿಯೇ ಗುಣಿಸಿ ಭಾಗಿಸಿರಿ. ನಿಮಗೆ ದೊರೆಯುವ ಉತ್ತರ ನನ್ನದಕ್ಕಿಂತ ಬೇರೆಯಾಗಬಹುದು. ಹಾಗಾದರೆ ನಿಮ್ಮ ಲೆಕ್ಕವನ್ನು ತರಗತಿಗೆ ತನ್ನಿರಿ. ಆ ಹುಡುಗನ ನೋಟುಬುಕ್ಕು ಈಗಲೂ ನನ್ನ ಮೇಜಿನ ಮೇಲಿದೆ. ನಮ್ಮ ಕಾಲೇಜಿನ ಹೊರಗಿನ ಆಟೋ ನಿಲ್ದಾಣಕ್ಕೆ ನಾಲ್ಕು ಪ್ಲಗ್ಗು ಬೇಕೆಂಬ ಅರ್ಜಿಯನ್ನು ಅದರ ಕೊನೆಯ ಹಾಳೆಯಲ್ಲಿಯೇ ಬರೆದೆವು. ಮೊದಲನೆಯ ಸಹಿ ಅವನದು.